ಹೊಸ ಪಿಕಪ್ ಬುಕ್ ಮಾಡುವ ಮುಂಚೆ ಲೋಡು ಹಾಕಿ ಮೈಲೇಜ್ ನೋಡಿ

ಪಿಕಪ್ ತಗೊಳ್ಳಬೇಕು ಅಂತ ಶೋರೂಮಿಗೆ ಓಡಾಡುತ್ತಿರುವವರು, ಅದರಲ್ಲೂ ತರಕಾರಿ ಲೋಡು ಹೊಡೆಯುವವರು, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಮ್ಮದು ಕೋಲಾರದ ಕಡೆ. ಸುತ್ತಲಿನ ಹಳ್ಳಿಗಳ ತೋಟದಿಂದ ಟೊಮೆಟೊ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹಾಕುವುದು, ಆಗಾಗ ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹೋಗುವುದು ನನ್ನ ಬಾಡಿಗೆ. ಹಳೆಯ ಬಿಎಸ್4 (ಹೊಗೆ ಮಿತಿಯ ಹಿಂದಿನ ನಿಯಮದ) ಗಾಡಿ ಇದೇ ರಸ್ತೆಯಲ್ಲಿ, ಇದೇ ಲೋಡಿನಲ್ಲಿ ಲೀಟರಿಗೆ 13 ಕೊಡುತ್ತಿತ್ತು. ಹೊಸದು ಕೊಡುವಾಗ ಶೋರೂಮಿನ ಹುಡುಗ "ಫುಲ್ ಲೋಡಲ್ಲೂ 15ಕ್ಕೆ ಕಮ್ಮಿ ಇಲ್ಲ ಅಣ್ಣಾ" ಅಂದ. ಸಿಕ್ಕಿದ್ದು 10.

ಐದು ಕಿಲೋಮೀಟರ್ ಏನು ಮಹಾ ಅನ್ನಿಸಬಹುದು. ತಿಂಗಳಿಗೆ 3,000 ಕಿ.ಮೀ. ಓಡುವ ಗಾಡಿಗೆ 15 ಬಂದರೆ 200 ಲೀಟರ್ ಸಾಕು, 10 ಬಂದರೆ 300 ಬೇಕು. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿ ಲೀಟರಿಗೆ 91 ರೂಪಾಯಿ ದಾಟಿತು. ಆ ಲೆಕ್ಕದಲ್ಲಿ ತಿಂಗಳಿಗೆ 9,100 ರೂಪಾಯಿ ಬಂಕಿಗೆ ಹೆಚ್ಚಿಗೆ. ಬಾಡಿಗೆ ದರ ಹಳೆಯದೇ, ಕಂತು ಮಾತ್ರ ಹೊಸದು. ಮನೆಗೆ ಉಳಿಯಬೇಕಾದ ದುಡ್ಡೇ ಹೋಗುವುದು.

ದೂರು ಕೊಡುವ ಮುಂಚೆ ನಮ್ಮ ಕಡೆಯಿಂದ ಆಗುವುದನ್ನೆಲ್ಲ ನೋಡಿದ್ದೆ. ಟೈರಿನ ಗಾಳಿ ಸರಿ ಇತ್ತು. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಹಿಡಿದುಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕಿದೆ. ಮೀಟರಿನಲ್ಲಿ ತೋರಿಸುವ ಮೈಲೇಜನ್ನು ನಂಬಬೇಡಿ, ನನ್ನ ಗಾಡಿಯಲ್ಲಿ ಅದು ಯಾವಾಗಲೂ ಹೆಚ್ಚೇ ತೋರಿಸುತ್ತದೆ.

ಸರ್ವೀಸ್ ಸೆಂಟರಿನವರ ಮೊದಲ ಉತ್ತರ, "ಇಂಜಿನ್ ಇನ್ನೂ ಸೆಟ್ ಆಗಬೇಕು, ಐದು ಸಾವಿರ ಓಡಲಿ." ಐದು ಆಯಿತು, ಹತ್ತು ಸಾವಿರವೂ ಆಯಿತು. ಆಮೇಲೆ ಟೆಸ್ಟ್ ಮಾಡುತ್ತೇವೆ ಅಂದರು. ಹೇಗೆ ಮಾಡಿದರು ಗೊತ್ತೇ? ಖಾಲಿ ಗಾಡಿ, ಒಳಗೆ ನಾವಿಬ್ಬರು, ಬೆಳಗಿನ ಹೊತ್ತಿನ ಹೈವೇ, ಟಾಪ್ ಗೇರಿನಲ್ಲಿ 50ರ ಸ್ಪೀಡು, ಎಲ್ಲೂ ನಿಲ್ಲಿಸಿಲ್ಲ. 16 ಬಂತು. "ನೋಡಿ, ಗಾಡಿಯಲ್ಲಿ ಏನೂ ತೊಂದರೆ ಇಲ್ಲ" ಅಂತ ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಕೇಳಿದರು. ನಾನು ಸಹಿ ಹಾಕಲಿಲ್ಲ. ಒಂದು ಬಾಕ್ಸ್ ಟೊಮೆಟೊ 15 ಕೆ.ಜಿ., ನೂರು ಬಾಕ್ಸ್ ಅಂದರೆ ಒಂದೂವರೆ ಟನ್. ಅದನ್ನು ಹಾಕಿಕೊಂಡು ಮಂಡಿಯ ಕ್ಯೂನಲ್ಲಿ ನಿಲ್ಲಿಸಿ ತೋರಿಸಿ ಅಂದೆ. ಒಪ್ಪಲಿಲ್ಲ. ಕಂಪನಿ ಹೇಳುವ ಸರ್ಟಿಫೈಡ್ ಮೈಲೇಜ್ ಕೂಡ ರಸ್ತೆಯದಲ್ಲ. ಲ್ಯಾಬಿನಲ್ಲಿ ರೋಲರ್ ಮೇಲೆ ಚಕ್ರ ಓಡಿಸಿ ಅಳೆದದ್ದು, ಅದೂ ಫುಲ್ ಲೋಡಿನ ಲೆಕ್ಕದಲ್ಲಿ ಅಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಆಯಿಲ್ ಕಡ್ಡಿಯಲ್ಲಿ. ಒಂದು ದಿನ ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿ ನಿಂತಿತ್ತು. ಇಂಜಿನ್ ಆಯಿಲ್ ಕಮ್ಮಿಯಾಗುವುದು ಕೇಳಿದ್ದೇವೆ, ತಾನಾಗಿ ಹೆಚ್ಚುವುದುಂಟೇ? ಬೆರಳಿಗೆ ಹಚ್ಚಿಕೊಂಡು ನೋಡಿದರೆ ನೀರು ನೀರಾಗಿತ್ತು, ಡೀಸೆಲ್ ವಾಸನೆ ಗಪ್ ಅಂತ ಮೂಗಿಗೆ ಹೊಡೆಯಿತು.

2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಸ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಕೂರಿಸುತ್ತಾರೆ. ಹೊಗೆಯ ಮಸಿಯನ್ನು ಅದು ಹಿಡಿದಿಡುತ್ತದೆ. ತುಂಬಿದಾಗ ಇಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಸಿಡಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ಗಾಡಿ ಒಂದೇ ಸ್ಪೀಡಿನಲ್ಲಿ ಸ್ವಲ್ಪ ಹೊತ್ತು ಓಡುತ್ತಿರಬೇಕು. ನಮ್ಮ ಓಡಾಟ ತೋಟದಿಂದ ಮಂಡಿಗೆ ಹತ್ತು ಹದಿನೈದು ಕಿಲೋಮೀಟರ್. ಸುಡುವ ಕೆಲಸ ಶುರುವಾಗುವ ಹೊತ್ತಿಗೆ ಗೇಟ್ ಬರುತ್ತದೆ, ಇಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿದಾಗ ಮತ್ತೆ ಮೊದಲಿನಿಂದ. ಪ್ರತಿ ಸಲವೂ ಡೀಸೆಲ್ ಖರ್ಚು, ಉರಿಯದೆ ಉಳಿದದ್ದು ಪಿಸ್ಟನ್ ಪಕ್ಕದಿಂದ ಜಾರಿ ಆಯಿಲಿಗೆ ಸೇರುತ್ತದೆ. ಗಾಡಿ ನಿಂತಾಗ ಐಡ್ಲಿಂಗ್ ತಾನಾಗಿ ಏರುವುದು, ಆಫ್ ಮಾಡಿದರೂ ಫ್ಯಾನ್ ಜೋರಾಗಿ ತಿರುಗುತ್ತಲೇ ಇರುವುದು, ಅಡಿಯಿಂದ ಸುಟ್ಟ ವಾಸನೆ, ಇವು ಕಂಡರೆ ಅದೇ ನಡೆಯುತ್ತಿದೆ ಅಂತ ತಿಳಿಯಿರಿ. ಈ ವಿಷಯವನ್ನು ಮಾರುವಾಗ ಒಬ್ಬರೂ ಬಾಯಿಬಿಡಲಿಲ್ಲ. ನನಗೆ ಸಿಟ್ಟು ಇರುವುದು ಅದಕ್ಕೇ. ದಿನಕ್ಕೆ ಎಷ್ಟು ಟ್ರಿಪ್, ಎಷ್ಟು ದೂರ ಅಂತ ಕೇಳಿ ಬರೆದುಕೊಂಡವರೇ ಅವರು.

ಬೇರೆ ಊರಿನ ಸರ್ವೀಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿದಾಗ ಮಸಿ ಸುಡುವುದು ಅರ್ಧಕ್ಕೆ ನಿಂತ ಲೆಕ್ಕವೆಲ್ಲ ಹೊರಗೆ ಬಂತು. ಫಿಲ್ಟರ್ ಸುಡಿಸಿ, ಆಯಿಲ್ ಬದಲಿಸಿದ ಮೇಲೆ 12ರ ತನಕ ಏರಿದೆ. 15 ಕನಸೇ. ಡಿಪಿಎಫ್ ಕಿತ್ತು ಹಾಕಿಕೊಡುತ್ತೇನೆ ಅನ್ನುವ ಮೆಕಾನಿಕ್‌ಗಳಿದ್ದಾರೆ, ಹತ್ತಿರ ಹೋಗಬೇಡಿ. ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ.

ಹಾಗಾಗಿ ನಿಮ್ಮ ಓಡಾಟ ಬರೀ ಹತ್ತಿರದ್ದಾದರೆ ಡೀಸೆಲ್ ಬಿಎಸ್6 ಬೇಕೇ ಅಂತ ಮೊದಲು ಯೋಚಿಸಿ, ಸಿಎನ್‌ಜಿ ಬಂಕ್ ಹತ್ತಿರವಿದ್ದರೆ ಅದನ್ನೂ ವಿಚಾರಿಸಿ. ಡೆಮೊ ಗಾಡಿಗೆ ನಿಮ್ಮದೇ ಲೋಡು ಹಾಕಿ, ನಿಮ್ಮದೇ ರಸ್ತೆಯಲ್ಲಿ ಓಡಿಸಿ. ಹೇಳಿದ ಮೈಲೇಜನ್ನು ವಾಟ್ಸ್ಆಪ್‌ನಲ್ಲಾದರೂ ಬರೆಸಿಕೊಳ್ಳಿ. ಬರೆದು ಕೊಡಲು ಹಿಂಜರಿದರೆ ಬೇರೆ ಶೋರೂಮ್ ನೋಡಿ.

ಈಗಾಗಲೇ ತಗೊಂಡು ಒದ್ದಾಡುತ್ತಿರುವವರಿಗೆ ಒಂದು ಮಾತು. "ಇದು ಕಮರ್ಷಿಯಲ್ ಗಾಡಿ, ಗ್ರಾಹಕರ ಕೋರ್ಟಿಗೆ ಬರಲ್ಲ" ಅಂತ ನನಗೂ ಹೆದರಿಸಿದರು. ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಕೊಂಡ ವಸ್ತುವಾದರೆ ಕೊಂಡವನು ಗ್ರಾಹಕನೇ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ಹೋಗಬೇಕು. ನಾನು ಹೋಗಿದ್ದೇನೆ, ಕೇಸು ನಡೆಯುತ್ತಿದೆ. ಅಲ್ಲಿ ಕೇಳುವುದು ಕಾಗದ. ಪ್ರತಿ ಜಾಬ್ ಕಾರ್ಡ್, ಪ್ರತಿ ಡೀಸೆಲ್ ಬಿಲ್ ಎತ್ತಿಡಿ. ಬಂಕಿನ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.