ಬ್ಯಾಂಕಾಕ್‌ನಲ್ಲಿ ಊಟ: ಯಾವರಾತ್ ಬೀದಿಯೋ, ನದಿಯಾಚೆಯ ತೋಟವೋ?

ಒಂದೇ ದಿನ ಬಿಡುವಿದ್ದರೆ ಎಲ್ಲಿ ಉಣ್ಣೋದು? ಚೈನಾಟೌನಿನ ಯಾವರಾತ್ ಬೀದಿ ಸುಲಭ. ವಾಟ್ ಮಂಗ್ಕೋನ್‌ನಲ್ಲಿ ಮೆಟ್ರೋ ಇಳಿದರೆ ಸಾಕು, ಸಂಜೆ ಬೀದಿ ತುಂಬಾ ತಿಂಡಿ ಗಾಡಿಗಳು. ಗದ್ದಲ ಜಾಸ್ತಿ.

ನನ್ನ ಮನಸ್ಸು ಮಾತ್ರ ನದಿಯಾಚೆಯ ಹಸಿರು ತೋಟಗಳ ಬಾಂಗ್ ಕ್ರಚಾವ್ ಕಡೆಗೇ. ಖ್ಲೋಂಗ್ ತೋಯಿ ದಡದಲ್ಲಿ ದೋಣಿ ಹತ್ತಿದರೆ ಕೆಲವೇ ನಿಮಿಷ. ಆಚೆ ಬಾಡಿಗೆ ಸೈಕಲ್, ತೆಂಗು, ಕಾಲುವೆ, ಮರಗಳ ಮರೆಯಲ್ಲಿ ಪುಟ್ಟ ಹೋಟೆಲುಗಳು. ಸೋಮ್ ತಮ್ ತಿನ್ನಿ. ಹಸಿ ಪಪ್ಪಾಯಿಯನ್ನು ಒರಳಲ್ಲಿ ಕುಟ್ಟಿ ಮಾಡ್ತಾರೆ. ನಮ್ಮ ಕೋಸಂಬರಿಯ ಹಾಗೇ ತಾಜಾ, ಆದರೆ ಖಾರ, ಹುಳಿ ಎರಡೂ ಜೋರು. ಶನಿವಾರ, ಭಾನುವಾರವೇ ಹೋಗಿ. ಅಲ್ಲಿನ ಬಾಂಗ್ ನಾಮ್ ಫುಂಗ್ ಸಂತೆ ಸೇರುವುದು ಆಗಲೇ.

ಸಸ್ಯಾಹಾರಿಗಳಾದರೆ ಯಾವರಾತ್ ವಾಸಿ. ಸೋಮ್ ತಮ್‌ಗೂ ಮೀನಿನ ಸಾಸ್ ಬೀಳುತ್ತದೆ, ಅಲ್ವಾ? ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ‘ಜೇ’, ಅಂದರೆ ಶುದ್ಧ ಸಸ್ಯಾಹಾರದ, ಅಂಗಡಿ ಹುಡುಕಿ. ಅಲ್ಲಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.