ಲಕಡಾಂಗ್ ಅರಿಶಿನ: ಪುಡಿ ಒಳ್ಳೆಯದು, ಜೊತೆಗೆ ಬಂದ ಚೀಟಿ ನಂಬಬೇಡಿ

ಮೇಘಾಲಯದ ಜೈಂತಿಯಾ ಬೆಟ್ಟಗಳ ಲಕಡಾಂಗ್ ಅರಿಶಿನ ತರಿಸಿದ್ದೆ, ಕಾಲು ಕೆಜಿ ಪೊಟ್ಟಣ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಮಾಮೂಲಿ ಪುಡಿಯಲ್ಲಿ ಶೇ 3ರ ಆಸುಪಾಸು ಇದ್ದರೆ ಇದರಲ್ಲಿ ಶೇ 7ರಷ್ಟಿರುತ್ತದೆ. ಬಿಸಿ ತುಪ್ಪಕ್ಕೆ ಒಂದು ಚಿಟಿಕೆ ಬಿದ್ದರೆ ಸಾಕು, ತುಪ್ಪವೆಲ್ಲ ಕಿತ್ತಳೆ ಬಣ್ಣ, ಘಮ ಹಾಲ್‌ವರೆಗೂ. ಚಿತ್ರಾನ್ನಕ್ಕೆ ದಿನಾ ಹಾಕುವಷ್ಟು ಹಾಕಬೇಡಿ, ಕಹಿಯಾಗುತ್ತದೆ. ಅದರರ್ಧ ಹಾಕಿ.

ತರಿಸಿದ್ದು ತಮ್ಮನಿಗಾಗಿ. ಖಿನ್ನತೆಗೆ ಅವನಿಗೆ ಚಿಕಿತ್ಸೆ ನಡೆಯುತ್ತಿದೆ. ಪೊಟ್ಟಣದ ಜೊತೆ ಬಂದ ಚೀಟಿ ಓದಿ, “ಅಕ್ಕಾ, ಇದು ತಿಂದರೆ ಮನಸ್ಸು ಸರಿಹೋಗುತ್ತಂತೆ. ಮಾತ್ರೆ ಬಿಡಬಹುದಾ?” ಅಂದ. ನನಗೆ ಎದೆ ಧಸಕ್ ಅಂತು.

ಚೀಟಿಯಲ್ಲಿದ್ದದ್ದು ಪೂರ್ತಿ ಸುಳ್ಳೇನಲ್ಲ. ಗುಜರಾತಿನ ಭಾವನಗರದಲ್ಲಿ ಖಿನ್ನತೆಯ 60 ರೋಗಿಗಳ ಮೇಲೆ ಒಂದು ಪ್ರಯೋಗ ನಡೆದಿತ್ತು, 2014ರಲ್ಲಿ ಅಚ್ಚಾಯಿತು. ಕೆಲವರಿಗೆ ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ಮಾತ್ರೆ, ಕೆಲವರಿಗೆ ಕರ್ಕ್ಯುಮಿನ್, ಉಳಿದವರಿಗೆ ಎರಡೂ. ಆರು ವಾರದ ಕೊನೆಗೆ ಮೂರೂ ಗುಂಪಿನ ಸುಧಾರಣೆ ಹೆಚ್ಚುಕಮ್ಮಿ ಒಂದೇ ಥರ ಇತ್ತು. ಆದರೆ ಔಷಧಿಯೇ ಇಲ್ಲದ ಹುಸಿಮಾತ್ರೆ ಮಾತ್ರ ಕೊಟ್ಟು ಹೋಲಿಸುವ ಗುಂಪು ಅದರಲ್ಲಿರಲಿಲ್ಲ. ಕೊಟ್ಟ ಕರ್ಕ್ಯುಮಿನ್ ದಿನಕ್ಕೆ 1000 ಮಿಲಿಗ್ರಾಂ, ಅದೂ ಕ್ಯಾಪ್ಸೂಲ್‌ನಲ್ಲಿ. ನಾವು ಸಾರಿಗೆ ಹಾಕುವ ಅರ್ಧ ಚಮಚ ಅಂದರೆ ಸುಮಾರು ಒಂದೂವರೆ ಗ್ರಾಂ ಪುಡಿ. ಈ ಒಳ್ಳೆ ತಳಿಯಲ್ಲೂ ಅದರಿಂದ ಸಿಗುವುದು 100 ಮಿಲಿಗ್ರಾಂ ಕರ್ಕ್ಯುಮಿನ್. ಆ ಸಾರು ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಅಲ್ವಾ?

ಇನ್ನೊಂದು ವಿಷಯ. ಕರ್ಕ್ಯುಮಿನ್ ಒಂದನ್ನೇ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಕಾಳುಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶ ಜೊತೆಗಿದ್ದರೆ ಎಷ್ಟೋ ಪಟ್ಟು ಜಾಸ್ತಿ ಸೇರುತ್ತದೆ ಎಂದು 1998ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ. ಹಾಗಾಗಿ ಮೆಣಸಿನ ಸಾರಿಗೆ ಈ ಅರಿಶಿನ, ಮೇಲೊಂದು ತುಪ್ಪದ ಒಗ್ಗರಣೆ, ನಮ್ಮನೆಯಲ್ಲಿ ಈಗ ಇದೇ. ತಮ್ಮ ಎರಡನೇ ಸಲ ಬಡಿಸಿಕೊಂಡು ತಿನ್ನುತ್ತಾನೆ. ಮಾತ್ರೆಯನ್ನೂ ತಪ್ಪದೆ ನುಂಗುತ್ತಾನೆ.

ಪೈಪರಿನ್ ಸೇರಿಸಿದ ಅರಿಶಿನ ಕ್ಯಾಪ್ಸೂಲ್ ಮಾತ್ರ ಡಾಕ್ಟರನ್ನು ಕೇಳದೆ ತಗೋಬೇಡಿ. ಬೇರೆ ಔಷಧಿಗಳು ಮೈಯಲ್ಲಿ ಕರಗುವ ರೀತಿಯನ್ನೇ ಅದು ಬದಲಿಸಬಲ್ಲದು.

ಪುಡಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಚೀಟಿ ಹಾಕುವುದನ್ನು ನಿಲ್ಲಿಸಿ ಎಂದು ಮಾರುವವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಪೊಟ್ಟಣದ ಜಿಪ್ ಸರಿಯಾಗಿ ಕೂರುವುದಿಲ್ಲ, ಬಂದ ದಿನವೇ ಗಾಜಿನ ಡಬ್ಬಿಗೆ ಸುರಿದಿಡಿ.