ತಾರಸಿಯ ಮೇಲಿನ ಮೂರು ಕಿಲೋವ್ಯಾಟ್: ದಾವಣಗೆರೆಯಲ್ಲಿ ಹದಿನಾಲ್ಕು ತಿಂಗಳ ಬಳಕೆ

ವಿನೋಬನಗರದ ನಮ್ಮ ಮನೆಯ ತಾರಸಿಯ ಮೇಲೆ ಸೌರ ಫಲಕ ಕೂರಿಸಿ ಹದಿನಾಲ್ಕು ತಿಂಗಳಾದವು. ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಇದರ ಬಗ್ಗೆ ಬರೆಯಬಾರದೆಂದು ಕಾದಿದ್ದೆ. ಕೆಲಸ ಮಾಡಿಕೊಟ್ಟವರು ಇದೇ ಊರಿನ ಸಣ್ಣ ಅಂಗಡಿಯವರು. ಅವರ ಲೋಪಗಳನ್ನೂ ಹೇಳಬೇಕಾಗಿರುವುದರಿಂದ ಹೆಸರು ಬರೆಯುತ್ತಿಲ್ಲ.

540 ವ್ಯಾಟಿನ ಆರು ಫಲಕ, ಅವುಗಳ ವಿದ್ಯುತ್ತನ್ನು ಮನೆಬಳಕೆಗೆ ಒಗ್ಗಿಸುವ ಮೂರು ಕಿಲೋವ್ಯಾಟಿನ ಇನ್ವರ್ಟರ್, ಹೊರಗಿನ ತಂತಿಯಿಂದ ಪಡೆದದ್ದನ್ನೂ ಅದಕ್ಕೆ ಕೊಟ್ಟದ್ದನ್ನೂ ಅಳೆಯುವ ನೆಟ್ ಮೀಟರ್ ಇದೆ, ಬ್ಯಾಟರಿ ಇಲ್ಲ. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನ ನೇರವಾಗಿ ಬ್ಯಾಂಕ್ ಖಾತೆಗೆ ಬಂತು. ನಮ್ಮ ಬಳಕೆ ತಿಂಗಳಿಗೆ 200 ಯೂನಿಟ್ ಮೀರುತ್ತಿದ್ದುದರಿಂದ ಗೃಹಜ್ಯೋತಿಯ ಪ್ರಯೋಜನ ಸಿಗುತ್ತಿರಲಿಲ್ಲ. ಈಗ ಬಹುತೇಕ ತಿಂಗಳು ಬಿಲ್ಲಿನಲ್ಲಿ ನಿಗದಿತ ಶುಲ್ಕದ ಆಚೆಗೆ ಹೆಚ್ಚೇನೂ ಇರುವುದಿಲ್ಲ.

ಫೆಬ್ರುವರಿಯ ತಿಳಿ ಬಿಸಿಲಿನಲ್ಲಿ ದಿನಕ್ಕೆ ಹದಿಮೂರು ಯೂನಿಟ್ ಬಂದದ್ದೂ ಇದೆ. ಏಪ್ರಿಲ್‌ನಲ್ಲಿ ಇನ್ನೂ ಹೆಚ್ಚು ಬರಬಹುದೆಂದು ನಾನು ಎಣಿಸಿದ್ದು ತಪ್ಪಾಯಿತು. ಫಲಕ ಕಾದಷ್ಟೂ ಅದರ ಸಾಮರ್ಥ್ಯ ಕುಗ್ಗುತ್ತದೆ, ಹೀಗಾಗಿ ನಮ್ಮೂರಿನ ಸುಡುಬಿಸಿಲು ಫಲಕಕ್ಕೆ ಪೂರ್ತಿ ಲಾಭವಲ್ಲ. ಧೂಳಿನ ವಿಚಾರವನ್ನು ಅಂಗಡಿಯವರು ಹೇಳಿಯೇ ಇರಲಿಲ್ಲ. ಮೆಕ್ಕೆಜೋಳದ ಒಕ್ಕಣೆಯ ದಿನಗಳಲ್ಲಿ ಗಾಜಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಹೊಟ್ಟು, ಮಣ್ಣು ಕೂತಿರುತ್ತದೆ. ಒಂದು ಬೆಳಿಗ್ಗೆ ಬಿಸಿಲೇರುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿದಾಗ ಬಕೆಟ್ಟಿನ ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತು. ಹಿಂದಿನ ದಿನ ಹತ್ತು ಯೂನಿಟ್ ತೋರಿಸಿದ್ದ ಇನ್ವರ್ಟರ್ ಆ ದಿನ ಸಂಜೆಗೆ ಹನ್ನೊಂದೂವರೆ ತೋರಿಸಿತು.

ದೊಡ್ಡ ಲೋಪವೆಂದರೆ ನೆರಳು. ಅಂಗಡಿಯವರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಅಳತೆ ತೆಗೆದುಕೊಂಡು ಹೋಗಿದ್ದರಿಂದ, ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳು ಮಧ್ಯಾಹ್ನ ಮೂರೂವರೆಯ ಮೇಲೆ ಪಶ್ಚಿಮದ ಕೊನೆಯ ಫಲಕವನ್ನು ಮುಚ್ಚುವುದು ಅವರ ಗಮನಕ್ಕೆ ಬಂದಿರಲಿಲ್ಲ. ಒಂದೇ ಸಾಲಿನಲ್ಲಿ ಜೋಡಿಸಿದ ಫಲಕಗಳಲ್ಲಿ ಒಂದಕ್ಕೆ ನೆರಳಾದರೂ ಇಡೀ ಸಾಲಿಗೆ ಪೆಟ್ಟು. ಮೂರು ಸಲ ಫೋನ್ ಮಾಡಿದ ಮೇಲೆ ಇಬ್ಬರು ಹುಡುಗರು ಬಂದು, ಆ ಫಲಕವನ್ನು ಬಿಚ್ಚಿ ಪೂರ್ವದ ತುದಿಗೆ ಕೂರಿಸಿ, ಸಂಜೆಯ ಚಹಾ ಕುಡಿದು ಹೋದರು. ಕರೆಂಟ್ ಹೋದಾಗ ಸೌರ ವಿದ್ಯುತ್ತೂ ನಿಲ್ಲುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕಿತ್ತು. ತಂತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಶಾಕ್ ತಗಲದಿರಲೆಂದು ಇನ್ವರ್ಟರ್ ತಾನಾಗಿಯೇ ಸ್ಥಗಿತಗೊಳ್ಳುತ್ತದೆ, ಅದು ಸರಿಯಾದ ಕ್ರಮವೇ.

ಇಷ್ಟೆಲ್ಲ ಆದರೂ ನಾನು ಈ ವಿದ್ಯುತ್ತಿನ ಪರವಾಗಿಯೇ ನಿಲ್ಲುತ್ತೇನೆ, ಏಕೆಂದರೆ ಇದರ ದೋಷ ನನ್ನ ಕಣ್ಣಿಗೆ ಕಾಣುತ್ತದೆ ಮತ್ತು ಒಂದು ಮಧ್ಯಾಹ್ನದಲ್ಲಿ ಸರಿಯಾಗುತ್ತದೆ. ಅಣುವಿದ್ಯುತ್ತಿನ ಕಥೆ ಹಾಗಲ್ಲ. ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ 1994ರ ಮೇ 13ರಂದು, ಸ್ಥಾವರ ಇನ್ನೂ ಕಟ್ಟಡದ ಹಂತದಲ್ಲಿದ್ದಾಗಲೇ, ರಿಯಾಕ್ಟರಿನ ಗುಮ್ಮಟದ ಒಳಪದರ ಕುಸಿದು ಬಿತ್ತು. 2009ರ ನವೆಂಬರ್‌ನಲ್ಲಿ ಅಲ್ಲಿಯ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣ ಸೂಸುವ ಟ್ರೀಷಿಯಂ ಸೇರಿದ್ದು ಗೊತ್ತಾದದ್ದು, ಐವತ್ತಕ್ಕೂ ಹೆಚ್ಚು ನೌಕರರ ಮೂತ್ರದ ಪರೀಕ್ಷೆಯಿಂದ. ಅದೇ ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಬರೆದದ್ದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಉರಿದ ಇಂಧನದಲ್ಲಿ ಹುಟ್ಟುವ ವಿಕಿರಣಶೀಲ ಪ್ಲುಟೋನಿಯಂ-239ರ ಅರ್ಧಾಯುಷ್ಯ, ಅಂದರೆ ಅದರ ಅರ್ಧಭಾಗ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 24,000 ವರ್ಷ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನಕ್ಕೆ ಸುಮಾರು 2,200 ವರ್ಷವಾಗಿದೆ. ಅಷ್ಟರೊಳಗೇ ಆ ಲಿಪಿಯನ್ನು ಓದುವವರಿಲ್ಲದೆ ಶತಮಾನಗಳು ಕಳೆದಿದ್ದವು. ಹಾಗಿರುವಾಗ ಇಲ್ಲಿ ವಿಷವಿದೆ ಎಂಬ ಎಚ್ಚರಿಕೆಯನ್ನು ಯಾವ ಲಿಪಿಯಲ್ಲಿ ಬರೆದಿಡುವುದು? ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಅಮೃತಮಹಲ್ ಹುಲ್ಲುಗಾವಲನ್ನು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಕೊಟ್ಟು, ದನ ಕುರಿ ಮೇಯಿಸುವವರ ಎದುರು ಗೋಡೆ ಎದ್ದ ಮೇಲೆ ಈ ಪ್ರಶ್ನೆ ನಮ್ಮ ಸೀಮೆಗೆ ದೂರದ್ದಲ್ಲ.

ರಾತ್ರಿ, ಮೋಡ ಕವಿದಾಗ ಏನು ಮಾಡುತ್ತೀರಿ ಎಂದು ಸ್ನೇಹಿತರು ಕೇಳುತ್ತಾರೆ. ಜುಲೈನಲ್ಲಿ ನನ್ನ ಫಲಕಗಳು ಐದು, ಆರು ಯೂನಿಟ್‌ಗೆ ಇಳಿದದ್ದು ನಿಜ. ಅದೇ ತಿಂಗಳು ಚಿತ್ರದುರ್ಗಕ್ಕೆ ಹೋಗಿದ್ದಾಗ ಜೋಗಿಮಟ್ಟಿ ಗುಡ್ಡಸಾಲಿನ ಗಾಳಿಯಂತ್ರಗಳು, ಮಾರ್ಚಿನಲ್ಲಿ ಅಲುಗಾಡದೆ ನಿಂತಿದ್ದಂಥವು, ಮುಂಗಾರಿನ ಗಾಳಿಗೆ ಬಿಡುವಿಲ್ಲದೆ ತಿರುಗುತ್ತಿದ್ದವು. ಬಿಸಿಲು ಕುಗ್ಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚುತ್ತದೆ. ನಮ್ಮ ಅಕ್ಕಪಕ್ಕದ ಎರಡು ಜಿಲ್ಲೆಗಳಲ್ಲೇ ಎರಡೂ ಒಂದಕ್ಕೊಂದು ಹೆಗಲು ಕೊಡುತ್ತವೆ. ಉಳಿದ ಕೊರತೆಗೆ ವಿದ್ಯುತ್ತಿನ ಸಂಗ್ರಹ ಬೇಕು, ಅದಕ್ಕೆ ಹಣ ಬೇಕು. 2025ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ರಿಯಾಕ್ಟರುಗಳ ಸಂಶೋಧನೆಗೆಂದು ತೆಗೆದಿಟ್ಟ 20,000 ಕೋಟಿ ರೂಪಾಯಿ ಬ್ಯಾಟರಿಗಳಿಗೆ ಹೋಗಬೇಕಿತ್ತೆಂಬುದು ನನ್ನ ಖಚಿತ ಅಭಿಪ್ರಾಯ.

ಫಲಕಗಳಿಗೆ ಐದಕ್ಕೆ ನಾಲ್ಕೂವರೆ, ಕೂರಿಸಿದವರ ಸೇವೆಗೆ ಮೂರು ಅಂಕ ಕೊಡುತ್ತೇನೆ. ನೆಟ್ ಮೀಟರಿಗಾಗಿ ಏಳು ವಾರ ಕಾಯಬೇಕಾದದ್ದನ್ನೂ ಇದರಲ್ಲಿ ಲೆಕ್ಕ ಹಿಡಿದಿದ್ದೇನೆ. ನೀವು ಹಾಕಿಸುವುದಾದರೆ ಅಳತೆಗೆ ಬಂದವರನ್ನು ಮಧ್ಯಾಹ್ನ ನಾಲ್ಕು ಗಂಟೆಗೆ ಇನ್ನೊಮ್ಮೆ ತಾರಸಿ ಹತ್ತಿಸಿ, ನೆರಳು ಎಲ್ಲಿ ಬೀಳುತ್ತದೆಂದು ಅವರ ಕೈಯಿಂದಲೇ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ, ಆಮೇಲೆ ಮುಂಗಡ ಕೊಡಿ.